ಗೇಟಿನ ಆಚೆ ನಿಂತ ಗಾಡಿಗಳು: ಲಾಜಿಸ್ಟಿಕ್ಸ್ ಓದುವ ಯುವ ಸಂಶೋಧಕರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಯುವ ಸಂಶೋಧಕರೇ,



ಸರಕು ಸಾಗಣೆ, ಗೋದಾಮು, ದಾಸ್ತಾನು, ಬೇಡಿಕೆಯ ಮುನ್ನಂದಾಜು, ಹೀಗೆ ಯಾವುದೋ ಒಂದು ಎಳೆ ಹಿಡಿದು ಸಪ್ಲೈ ಚೈನ್ ವಿಷಯದಲ್ಲಿ ಪಿಎಚ್‌ಡಿಗೋ ಎಂಟೆಕ್‌ಗೋ ಕೂತಿರುವ ನಿಮ್ಮೆಲ್ಲರಿಗೆ ಈ ಪತ್ರ. ಸುರತ್ಕಲ್ಲಿನಲ್ಲಿರಬಹುದು, ಧಾರವಾಡದಲ್ಲಿ, ಬೆಂಗಳೂರಿನಲ್ಲಿ ಅಥವಾ ಹೊರದೇಶದ ಯಾವುದೋ ವಿಭಾಗದಲ್ಲಿರಬಹುದು. ನಾನು ಹುಬ್ಬಳ್ಳಿಯಲ್ಲಿ ಮೂವತ್ತೊಂದು ವರ್ಷ ಇಂಡಸ್ಟ್ರಿಯಲ್ ಅಂಡ್ ಪ್ರೊಡಕ್ಷನ್ ಇಂಜಿನಿಯರಿಂಗ್ ಕಲಿಸಿ ನಿವೃತ್ತನಾದವನು. ಅದಕ್ಕೂ ಮೊದಲು ಲಾರಿ ಡ್ರೈವರೊಬ್ಬರ ಮಗ. ಹುಬ್ಬಳ್ಳಿಯಿಂದ ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು, ಅಂಕೋಲೆ, ಕಾರವಾರದ ಕಡೆಗೆ ನಮ್ಮಪ್ಪ ಗಾಡಿ ಓಡಿಸುತ್ತಿದ್ದರು. ಸರಕು ಸಾಗಣೆ ಅನ್ನುವುದು ನನ್ನ ಪಾಲಿಗೆ ಪುಸ್ತಕದಿಂದ ಬಂದ ವಿಷಯವಲ್ಲ. ಅಪ್ಪ ಎಂದು ಮನೆಗೆ ಬರುತ್ತಾರೆ ಎಂದು ಅವ್ವ ಬಾಗಿಲಲ್ಲಿ ನಿಂತು ಹಾಕುತ್ತಿದ್ದ ಲೆಕ್ಕದಿಂದ ಬಂದದ್ದು.

ನಾನು ಹೇಳಬೇಕಾದ ಮಾತು ಒಂದೇ. ನಮ್ಮ ಸಂಶೋಧನೆಗೆ ಗಾಡಿ ಓಡುವುದು ಕಾಣುತ್ತದೆ, ಗಾಡಿ ನಿಲ್ಲುವುದು ಕಾಣುವುದಿಲ್ಲ. ನಿಂತ ಗಾಡಿಯನ್ನೂ ನಿಮ್ಮ ಲೆಕ್ಕಕ್ಕೆ ತನ್ನಿ ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಹತ್ತು ಹದಿನೈದು ವರ್ಷದ ಹಿಂದಿನ ಮಾತು. ಹುಬ್ಬಳ್ಳಿ ಹೊರವಲಯದ ಒಂದು ದೊಡ್ಡ ಗೋದಾಮಿಗೆ ಸುತ್ತಲಿನ ಊರುಗಳಿಂದ ಸರಕು ತರುವ ಗಾಡಿಗಳ ಹಾದಿ ಹೊಂದಿಸುವುದು ನನ್ನ ವಿದ್ಯಾರ್ಥಿಯೊಬ್ಬನ ಪ್ರಬಂಧದ ವಿಷಯವಾಗಿತ್ತು. ಹುಡುಗ ಜಾಣ. ಪ್ರೋಗ್ರಾಂ ಬರೆದ, ಓಡಿಸಿದ. ಹದಿನಾಲ್ಕು ಗಾಡಿ ಬೇಕಿದ್ದಲ್ಲಿ ಹನ್ನೊಂದು ಸಾಕು ಎಂದು ಉತ್ತರ ಬಂತು. ಗೋದಾಮಿನವರಿಗೆ ಸಂತೋಷವಾಯಿತು, ಪರೀಕ್ಷಕರು ಮೆಚ್ಚಿದರು, ನಾನು ಬೆನ್ನು ತಟ್ಟಿದೆ. ಒಂದು ಗಾಡಿ ಖಾಲಿಯಾಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದಕ್ಕೆ ನಾವು ಗೇಟಿನ ರಿಜಿಸ್ಟರ್ ನೋಡಿದ್ದೆವು. ಒಳಗೆ ಬಂದ ವೇಳೆ ಒಂದು ಕಾಲಂ, ಹೊರಗೆ ಹೋದ ವೇಳೆ ಇನ್ನೊಂದು ಕಾಲಂ. ಕಳೆದು ಸರಾಸರಿ ತೆಗೆದಾಗ ಹೆಚ್ಚುಕಡಿಮೆ ಒಂದು ತಾಸು ಬಂತು. ಅದನ್ನೇ ಸೂತ್ರದಲ್ಲಿ ಹಾಕಿದೆವು.

ಹೊಸ ಹಾದಿ ಜಾರಿಯಾಗಿ ಒಂದು ವಾರವಾಗಿರಬೇಕು. ಒಂದು ಬೆಳಿಗ್ಗೆ ಆ ಗಾಡಿಗಳ ಡ್ರೈವರೊಬ್ಬರು ನನ್ನ ವಿಭಾಗಕ್ಕೇ ಬಂದರು. ನಮ್ಮಪ್ಪನ ಗುರುತಿನವರು. ಕುರ್ಚಿ ಸರಿಸಿ ಕೊಟ್ಟರೂ ಕೂರಲಿಲ್ಲ. "ಸರ, ನಿಮ್ಮ ಲೆಕ್ಕದಾಗ ನಾವು ತಾಸಿನ್ಯಾಗ ಖಾಲಿ ಮಾಡಿ ಹೊಂಟೇವಿ. ಗೇಟಿನ ಹೊರಗ ಎಷ್ಟು ಹೊತ್ತು ನಿಂತೇವಿ ಅನ್ನೋದನ್ನ ಯಾರರ ಬರಕೊಂಡಾರೇನ್ರಿ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಆ ವಾರವೇ ನಾನೂ ಆ ಹುಡುಗನೂ ಎರಡು ರಾತ್ರಿ ಆ ಗೇಟಿನ ಮುಂದೆ ಕಳೆದೆವು. ಸರ್ವಿಸ್ ರಸ್ತೆಯ ಅಂಚಿಗೆ ಗಾಡಿಗಳ ಸಾಲು. ತಾಡಪತ್ರಿ ಬಿಗಿದ ಹಗ್ಗವನ್ನು ಯಾರೂ ಬಿಚ್ಚಿರಲಿಲ್ಲ. ಒಬ್ಬರು ಗಾಡಿಯ ಮರೆಯಲ್ಲಿ ಸಣ್ಣ ಸ್ಟೌ ಹಚ್ಚಿ ಅನ್ನಕ್ಕಿಟ್ಟಿದ್ದರು. ಗೇಟಿನ ಕಾವಲುಗಾರ ಬಂದವರಿಗೆಲ್ಲ ಒಂದು ಚೀಟಿ ಹರಿದು ನಂಬರ್ ಕೊಡುತ್ತಿದ್ದ. ಆದರೆ ರಿಜಿಸ್ಟರಿನಲ್ಲಿ ವೇಳೆ ಬರೆಯುತ್ತಿದ್ದದ್ದು ಗೇಟಿನ ಕೋಲು ಮೇಲೆದ್ದು ಗಾಡಿ ಒಳಗೆ ಹೋದಾಗ ಮಾತ್ರ. ನಂಬರ್ ಕೂಗಿದಾಗ ಡ್ರೈವರ್ ಎಚ್ಚರವಿರದಿದ್ದರೆ ಸರದಿ ತಪ್ಪಿ ಕೊನೆಗೆ ಹೋಗಬೇಕು. ಅದಕ್ಕಾಗಿ ಒಬ್ಬ ಹುಡುಗ ಮೊಬೈಲಿನಲ್ಲಿ ಅರ್ಧ ಅರ್ಧ ತಾಸಿಗೆ ಅಲಾರಾಂ ಇಟ್ಟು ಸ್ಟೇರಿಂಗ್ ಮೇಲೆ ತಲೆಯಿಟ್ಟಿದ್ದ. ಅಲಾರಾಂ ಹೊಡೆದಾಗಲೆಲ್ಲ ತಲೆಯೆತ್ತಿ ಗೇಟಿನ ಕಡೆ ನೋಡುವುದು, ಮತ್ತೆ ತಲೆಯಿಡುವುದು. ಹೀಗೆ ಬೆಳಗಾಯಿತು. ಆಮೇಲೆ ಅವನು ಗಾಡಿ ಓಡಿಸಿಕೊಂಡು ದಾವಣಗೆರೆಗೆ ಹೋಗಬೇಕಿತ್ತು.

ಎರಡು ರಾತ್ರಿಯಲ್ಲಿ ನಲವತ್ತೊಂದು ಗಾಡಿಗಳ ಲೆಕ್ಕ ಬರೆದುಕೊಂಡೆವು. ಎಲ್ಲರಿಗಿಂತ ಕಡಿಮೆ ಕಾದವರು ಎರಡೂವರೆ ತಾಸು. ಎಲ್ಲರಿಗಿಂತ ಹೆಚ್ಚು ಕಾದವರು ಹದಿನೇಳು. ನಮ್ಮ ಹೊಸ ಹಾದಿಯಿಂದ ಆದದ್ದೇನೆಂದರೆ, ಗಾಡಿ ಕಡಿಮೆಯಾಗಿ ಒಂದೊಂದಕ್ಕೂ ಟ್ರಿಪ್ಪು ಹೆಚ್ಚಿ, ಎಲ್ಲವೂ ಬೆಳಗಿನ ಅದೇ ಹೊತ್ತಿಗೆ ಗೇಟಿಗೆ ಬಂದು ಮುತ್ತುತ್ತಿದ್ದವು. ಉಳಿಸಿದ ಡೀಸೆಲ್ಲಿನ ಲೆಕ್ಕ ಪ್ರಬಂಧದಲ್ಲಿತ್ತು. ಹಾಳಾದ ನಿದ್ದೆಯ ಲೆಕ್ಕ ಎಲ್ಲಿಯೂ ಇರಲಿಲ್ಲ.

ಈ ಕುರುಡು ನಮ್ಮಿಬ್ಬರದಷ್ಟೇ ಅಲ್ಲ, ವಿಷಯದ ಬುಡದಲ್ಲೇ ಇದೆ. ಜಾರ್ಜ್ ಡಾಂಟ್ಸಿಗ್ ಮತ್ತು ಜಾನ್ ರ‍್ಯಾಮ್ಸರ್ 1959ರಲ್ಲಿ ಪೆಟ್ರೋಲ್ ಗಾಡಿಗಳನ್ನು ಡಿಪೋದಿಂದ ಬಂಕುಗಳಿಗೆ ಕಳಿಸುವ ಹಾದಿಯ ಲೆಕ್ಕ ಬರೆದರು. ನೀವು ದಿನವೂ ಬಳಸುವ ವೆಹಿಕಲ್ ರೂಟಿಂಗ್ ಅಲ್ಲಿಂದ ಹುಟ್ಟಿದ್ದು. 1987ರಲ್ಲಿ ಮಾರಿಯಸ್ ಸೋಲೊಮನ್ ಟೈಮ್ ವಿಂಡೋ ಇರುವ 56 ಮಾದರಿ ಲೆಕ್ಕಗಳನ್ನು ಕೊಟ್ಟರು. ಒಂದೊಂದರಲ್ಲೂ 100 ಗಿರಾಕಿಗಳು. ಇಂದಿಗೂ ಹೊಸ ವಿಧಾನ ಬಂದರೆ ಅದನ್ನು ಉಜ್ಜಿ ನೋಡುವ ಒರೆಗಲ್ಲು ಅದು. ಆ ಕಡತ ತೆರೆದು ಸರ್ವಿಸ್ ಟೈಮ್ ಕಾಲಂ ಒಮ್ಮೆ ನೋಡಿ. ಒಂದು ಗುಂಪಿನಲ್ಲಿ ಎಲ್ಲ ಗಿರಾಕಿಗಳಿಗೂ 90, ಉಳಿದ ಗುಂಪುಗಳಲ್ಲಿ ಎಲ್ಲರಿಗೂ 10. ನೂರು ಜನರ ಬಾಗಿಲಲ್ಲಿ ಸರಕು ಇಳಿಸಲು ಒಂದೇ ಹೊತ್ತು. ಇನ್ನೂ ಒಂದು ಗಮನಿಸಿ: ಆ ಮಾದರಿಯಲ್ಲಿ ಗಾಡಿ ಕಾಯುವುದು ಒಂದೇ ಸಂದರ್ಭದಲ್ಲಿ, ವಿಂಡೋ ತೆರೆಯುವ ಮುಂಚೆ ಬಂದುಬಿಟ್ಟರೆ. ಹೇಳಿದ ಹೊತ್ತಿಗೆ ಬಂದ ಗಾಡಿಯನ್ನು ಯಾರೂ ಕಾಯಿಸುವುದಿಲ್ಲ. ನಮ್ಮ ಗೇಟುಗಳಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗು. ಹೇಳಿದ ಹೊತ್ತಿಗೆ ಬಂದವರೇ ಕಾಯುತ್ತಾರೆ. ಸೋಲೊಮನ್ ಅವರ ಕೆಲಸವನ್ನು ನಾನು ಹಗುರಾಗಿ ಕಾಣುತ್ತಿಲ್ಲ. ಎಲ್ಲರಿಗೂ ಸಮವಾದ ಅಳತೆಗೋಲು ಬೇಕಿತ್ತು, ಅವರು ಕೊಟ್ಟರು. ಅಳತೆಗೋಲನ್ನೇ ನೆಲ ಎಂದುಕೊಂಡದ್ದು ನಾವು.

ಈಗ ನಿಮ್ಮ ಕಾಲದಲ್ಲಿ ನ್ಯೂರಲ್ ನೆಟ್‌ವರ್ಕ್ ಬಂದಿದೆ. ಹಾದಿ ಹುಡುಕುವುದನ್ನು ಯಂತ್ರವೇ ಕಲಿಯುತ್ತದೆ. ಆದರೆ ಹೆಚ್ಚಿನ ಪ್ರಬಂಧಗಳಲ್ಲಿ ಅದು ಕಲಿಯುವುದು ಒಂದು ಚೌಕದೊಳಗೆ ಎಳ್ಳು ಎರಚಿದಂತೆ ಚೆಲ್ಲಿದ ಚುಕ್ಕಿಗಳ ಮೇಲೆ. ಅಲ್ಲಿ ಘಟ್ಟವಿಲ್ಲ, ಸಂತೆಯಿಲ್ಲ, ರೈಲ್ವೆ ಗೇಟಿಲ್ಲ. ನಿಜವಾದ ದತ್ತಾಂಶ ತಂದು ಕಲಿಸಿದರೂ ಅದು ಗೇಟಿನ ರಿಜಿಸ್ಟರಿನ ದತ್ತಾಂಶವಾದರೆ, ನಾನು ಮಾಡಿದ ತಪ್ಪನ್ನೇ ನಿಮ್ಮ ಯಂತ್ರ ಇನ್ನಷ್ಟು ವೇಗವಾಗಿ ಮಾಡುತ್ತದೆ. ಜಾಣ ಯಂತ್ರಕ್ಕೂ ತೋರಿಸಿದ್ದಷ್ಟೇ ಗೊತ್ತು.

ಕಾಯುವ ಹೊತ್ತನ್ನು ಅಳೆಯುವುದು ಕಷ್ಟ ಎಂದು ದಯವಿಟ್ಟು ಹೇಳಬೇಡಿ. ನಮ್ಮ ವಿಷಯದಲ್ಲೇ ಅದಕ್ಕೆ ಸುಲಭ ಸಾಧನವಿದೆ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮ ನಿಮಗೆ ಬಾಯಿಪಾಠ ಇರುತ್ತದೆ: ಸರದಿಯಲ್ಲಿ ಸರಾಸರಿ ಎಷ್ಟು ಮಂದಿ ಇದ್ದಾರೋ ಅದು, ತಾಸಿಗೆ ಎಷ್ಟು ಮಂದಿ ಬರುತ್ತಾರೆ ಎಂಬುದನ್ನು ಒಬ್ಬೊಬ್ಬರು ಕಾಯುವ ಸರಾಸರಿ ಹೊತ್ತಿನಿಂದ ಗುಣಿಸಿದಷ್ಟು. ಗೇಟಿನ ಹೊರಗೆ ಸರಾಸರಿ ಇಪ್ಪತ್ನಾಲ್ಕು ಗಾಡಿ ನಿಂತಿರುತ್ತವೆ, ತಾಸಿಗೆ ಮೂರು ಒಳಗೆ ಹೋಗುತ್ತವೆ, ಸಾಲು ಬೆಳೆಯುತ್ತಲೂ ಇಲ್ಲ ಕರಗುತ್ತಲೂ ಇಲ್ಲ ಎಂದಾದರೆ, ಒಬ್ಬೊಬ್ಬರು ಎಂಟು ತಾಸು ಕಾಯುತ್ತಿದ್ದಾರೆ ಎಂದಾಯಿತು. ಸೆನ್ಸರ್ ಬೇಡ, ಕಂಪನಿಯ ಅನುಮತಿ ಬೇಡ. ಎದುರಿನ ಚಹಾದಂಗಡಿಯಲ್ಲಿ ಕೂತು ತಾಸಿಗೊಮ್ಮೆ ಸಾಲಿನ ಗಾಡಿ ಎಣಿಸಿದರೆ ಸಾಕು. ನಾವು ಕೂತ ಅಂಗಡಿಯವರಿಗಂತೂ ಯಾವ ದಿನ ಎಷ್ಟು ಗಾಡಿ ನಿಲ್ಲುತ್ತವೆ ಎಂಬುದು ಹಾಲಿನ ಲೆಕ್ಕದಲ್ಲೇ ಗೊತ್ತಿತ್ತು. "ತಿಂಗಳ ಕಡೀ ವಾರ ಎರಡು ಲೀಟರ್ ಹೆಚ್ಚು ತರಸ್ತೇನ್ರಿ" ಎಂದರು. ತಿಂಗಳ ಕೊನೆಯಲ್ಲಿ ಮಾರಾಟದ ಗುರಿ ಮುಟ್ಟಲು ಎಲ್ಲರೂ ಒಟ್ಟಿಗೆ ಸರಕು ತಳ್ಳುವುದನ್ನು ನಾನು ತರಗತಿಯಲ್ಲಿ ಅರ್ಧ ದಿನ ಪಾಠ ಮಾಡುತ್ತಿದ್ದೆ.

ಇನ್ನು ಏಕೆ ಕಾಯಬೇಕಾಗುತ್ತದೆ ಎಂಬುದು. ಗೋದಾಮಿನ ಮ್ಯಾನೇಜರಿಗೆ ಹಮಾಲರು ಸುಮ್ಮನೆ ಕೂತರೆ ಕಣ್ಣಿಗೆ ಚುಚ್ಚುತ್ತದೆ. ಕೂಲಿ ಕೊಟ್ಟವರು ಅವರು. ಹಾಗಾಗಿ ಇಳಿಸುವ ಕಟ್ಟೆ ಸದಾ ತುಂಬಿರುವಂತೆ ನೋಡಿಕೊಳ್ಳುತ್ತಾರೆ. ಸರದಿಯ ಸಿದ್ಧಾಂತದ ಮೊದಲ ಪಾಠದ ಸರಳ ಮಾದರಿಯನ್ನೇ ಇಟ್ಟುಕೊಂಡರೂ, ಕಟ್ಟೆ ನೂರಕ್ಕೆ 80 ಹೊತ್ತು ಕೆಲಸದಲ್ಲಿದ್ದರೆ ಸರಾಸರಿ ಕಾಯುವಿಕೆ ಇಳಿಸುವ ಹೊತ್ತಿನ ನಾಲ್ಕು ಪಟ್ಟು. 95 ಹೊತ್ತು ಕೆಲಸದಲ್ಲಿದ್ದರೆ ಹತ್ತೊಂಬತ್ತು ಪಟ್ಟು. ಕಟ್ಟೆಯಿಂದ ಹದಿನೈದು ಅಂಶ ಹೆಚ್ಚು ದುಡಿಸಿದ್ದಕ್ಕೆ ಹೊರಗಿನ ಸಾಲು ಹೀಗೆ ಉದ್ದವಾಗುತ್ತದೆ. ಒಳಗಿನ ಒಬ್ಬ ಹಮಾಲರ ಬಿಡುವಿನ ಬೆಲೆ ಮ್ಯಾನೇಜರಿನ ಪುಸ್ತಕದಲ್ಲಿದೆ. ಹೊರಗಿನ ಇಪ್ಪತ್ತು ಗಾಡಿಗಳ ಬೆಲೆ ಗಾಡಿ ಮಾಲೀಕರ ಕಂತಿನಲ್ಲಿ, ಡ್ರೈವರಿನ ಭತ್ಯೆಯಲ್ಲಿ ಹಂಚಿಹೋಗಿದೆ. ಹಾಲ್ಟಿಂಗ್ ಚಾರ್ಜ್ ಎಂದು ಒಂದಿದೆ, ಕೇಳಿ ವಸೂಲು ಮಾಡುವ ತಾಕತ್ತು ಸಣ್ಣ ಮಾಲೀಕರಿಗೆ ಇರುವುದು ಕಡಿಮೆ. ನಿಮ್ಮ ಆಬ್ಜೆಕ್ಟಿವ್ ಫಂಕ್ಷನ್‌ನಲ್ಲಿ ಯಾರ ಖರ್ಚನ್ನು ಕಡಿಮೆ ಮಾಡುತ್ತಿದ್ದೀರಿ ಎಂದು ಒಮ್ಮೆ ಕೇಳಿಕೊಳ್ಳಿ. ಇಡೀ ಸರಪಳಿಯ ಹೆಸರು ಹೇಳಿ ಒಬ್ಬ ಮ್ಯಾನೇಜರಿನ ಖರ್ಚು ಇಳಿಸಿದ ಪ್ರಬಂಧಗಳಿಗೆ ನಾನೇ ಸಹಿ ಹಾಕಿದ್ದೇನೆ.

ಹಾದಿಯಲ್ಲಿರುವವರ ತಿಳಿವಳಿಕೆ ಲೆಕ್ಕಕ್ಕೆ ಬಂದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆಯೇ ಇದೆ. 2021ರಲ್ಲಿ ಅಮೆಜಾನ್ ಮತ್ತು ಎಂಐಟಿ ಸೇರಿ ಒಂದು ಸ್ಪರ್ಧೆ ಇಟ್ಟವು. ಅಮೆರಿಕದ ಐದು ನಗರಪ್ರದೇಶಗಳಲ್ಲಿ 2018ರಲ್ಲಿ ಡೆಲಿವರಿ ಡ್ರೈವರುಗಳು ಓಡಿಸಿದ 9,184 ಹಾದಿಗಳನ್ನು ಬಿಡುಗಡೆ ಮಾಡಿದರು. ಹಾದಿ ಆದಷ್ಟು ಚಿಕ್ಕದಾಗಲಿ ಎಂದು ಕೇಳಲಿಲ್ಲ. ಅನುಭವಿ ಡ್ರೈವರು ಹೋಗುವ ಕ್ರಮಕ್ಕೆ ನಿಮ್ಮ ಹಾದಿ ಎಷ್ಟು ಹತ್ತಿರ ಬರುತ್ತದೆ ಎಂದು ಕೇಳಿದರು. ಏಕೆಂದರೆ ಕಂಪ್ಯೂಟರ್ ಕೊಟ್ಟ ಚಿಕ್ಕ ಹಾದಿಯನ್ನು ಬಿಟ್ಟು ಡ್ರೈವರುಗಳು ತಮ್ಮದೇ ಹಾದಿ ಹಿಡಿಯುತ್ತಿದ್ದರು. ಎಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುತ್ತದೆ, ಯಾವ ಬೀದಿ ಯಾವ ಹೊತ್ತಿಗೆ ಕಟ್ಟಿಕೊಳ್ಳುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಮೊದಲ ಬಹುಮಾನ ಗೆದ್ದದ್ದು ವಿಲಿಯಂ ಕುಕ್, ಸ್ಟೀಫನ್ ಹೆಲ್ಡ್, ಕೆಲ್ಡ್ ಹೆಲ್ಸ್‌ಗೌನ್ ಅವರ ತಂಡ. ಬಡಾವಣೆಗಳನ್ನು ಯಾವ ಕ್ರಮದಲ್ಲಿ ಮುಗಿಸಬೇಕು ಎಂಬ ಡ್ರೈವರುಗಳ ರೂಢಿಯನ್ನು ದತ್ತಾಂಶದಿಂದ ಹೆಕ್ಕಿ, ಅದನ್ನು ನಿಬಂಧನೆಗಳಾಗಿ ಮಾಡಿ, ಹಳೆಯ ಟ್ರಾವೆಲಿಂಗ್ ಸೇಲ್ಸ್‌ಮನ್ ಲೆಕ್ಕಕ್ಕೆ ಜೋಡಿಸಿದರು. ಹೊಸ ಯಂತ್ರಕಲಿಕೆಯ ಮುಂದೆ ಹಳೆಯ ಗಣಿತ ಗೆದ್ದದ್ದು ಸ್ಟೇರಿಂಗ್ ಹಿಡಿದವರ ಮಾತಿಗೆ ಬೆಲೆ ಕೊಟ್ಟದ್ದರಿಂದ. ಹುಬ್ಬಳ್ಳಿ, ಬಳ್ಳಾರಿ, ಕೋಲಾರದ ಡ್ರೈವರುಗಳ ಹಾದಿಗಳನ್ನು ಹೀಗೆ ಒಟ್ಟುಮಾಡಿ ಎಲ್ಲರಿಗೂ ಬಿಚ್ಚಿಡುವ ಕೆಲಸವನ್ನು ನಿಮ್ಮಲ್ಲಿ ಯಾರಾದರೂ ಕೈಗೆತ್ತಿಕೊಂಡರೆ, ಅದು ನೂರು ಪ್ರಬಂಧಗಳಿಗೆ ಬೀಜವಾಗುತ್ತದೆ.

ನಮ್ಮ ನೆಲದಲ್ಲೇ ಒಳ್ಳೆಯ ಕೆಲಸ ಆಗಿದೆ, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಬೆಂಗಳೂರಿನ ಐಐಎಂನ ಬಿ. ಮಹಾದೇವನ್ ಮತ್ತು ಸಂಗಡಿಗರು ಅಕ್ಷಯ ಪಾತ್ರ ಪ್ರತಿಷ್ಠಾನದ ಅಡುಗೆಮನೆಯಿಂದ ಶಾಲೆಗಳಿಗೆ ಬಿಸಿಯೂಟ ಒಯ್ಯುವ ಗಾಡಿಗಳ ಹಾದಿಯನ್ನು ಮರುಹೊಂದಿಸಿ 2013ರಲ್ಲಿ ಬರೆದರು. ಊಟದ ಗಂಟೆ ಹೊಡೆಯುವ ಮುಂಚೆ ಅನ್ನ ಶಾಲೆ ಮುಟ್ಟಬೇಕು. ಅಲ್ಲಿ ಟೈಮ್ ವಿಂಡೋ ಅಂದರೆ ಮಕ್ಕಳ ಹಸಿವು.

ಇನ್ನೊಂದು ನಮ್ಮ ಎಪಿಎಂಸಿಗಳದು. ಕರ್ನಾಟಕ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಶುರು ಮಾಡಿ ಸಗಟು ಮಾರುಕಟ್ಟೆಗಳ ಟೆಂಡರನ್ನು ಆನ್‌ಲೈನ್‌ಗೆ ತಂದಿತು. ಎಂಐಟಿಯ ರೆಟ್ಸೆಫ್ ಲೆವಿ, ಯಾನ್‌ಚೋಂಗ್ ಝೆಂಗ್, ಸೋಮ್ಯಾ ಸಿಂಘ್ವಿ ಮತ್ತು ಆ ವೇದಿಕೆಯ ಹೊಣೆ ಹೊತ್ತಿದ್ದ ಮನೋಜ್ ರಾಜನ್ ಕೂಡಿ ಅದರ ಫಲವನ್ನು ಅಳೆದು 2020ರಲ್ಲಿ ಪ್ರಕಟಿಸಿದರು. ಭತ್ತದ ಬೆಲೆ ಸರಾಸರಿ ಶೇ. 5.1, ಶೇಂಗಾ ಶೇ. 3.6, ಮೆಕ್ಕೆಜೋಳ ಶೇ. 3.5 ಏರಿತ್ತು. ಹತ್ತಿ, ಹೆಸರು, ತೊಗರಿಯಲ್ಲಿ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ. ಈ ಎರಡನೇ ಸಾಲನ್ನೂ ಅವರು ಅಷ್ಟೇ ಸ್ಪಷ್ಟವಾಗಿ ಬರೆದರು ಎಂಬುದಕ್ಕೆ ನನಗೆ ಅವರ ಮೇಲೆ ಗೌರವ. ಅಲ್ಲಿಗೇ ನಿಲ್ಲದೆ, ವ್ಯಾಪಾರಿಗಳ ಜೊತೆ ಕೂತು ಮಾತಾಡಿ, ಅವರು ಬಿಡ್ ಹಾಕುವಾಗ ಏನು ಯೋಚಿಸುತ್ತಾರೆ ಎಂದು ತಿಳಿದು, ಎರಡು ಹಂತದ ಟೆಂಡರನ್ನು ರೂಪಿಸಿದರು. ಮೊದಲ ಸುತ್ತಿನಲ್ಲಿ ಹೆಚ್ಚು ಕೂಗಿದವರಿಗೆ ಬೆಲೆ ಏರಿಸಲು ಎರಡನೇ ಸುತ್ತು. 2019ರಲ್ಲಿ ರಾಜ್ಯದ ಒಂದು ದೊಡ್ಡ ಬೇಳೆಕಾಳು ಮಾರುಕಟ್ಟೆಯಲ್ಲಿ ಜಾರಿಗೆ ಬಂದು, ಬೆಲೆ ಶೇ. 4.7 ಹೆಚ್ಚಿತು. ಎಂಐಟಿಯ ಪ್ರೊಫೆಸರರು ನಮ್ಮ ಅಡತಿ ಅಂಗಡಿಯ ಮುಂದೆ ಕೂತು ಕೇಳಬಲ್ಲರಾದರೆ, ಬಸ್ಸಿನಲ್ಲಿ ಎರಡು ತಾಸಿನ ದೂರದಲ್ಲಿರುವ ನಮಗೆ ಏನು ಅಡ್ಡಿ?

ಅದಕ್ಕೇ ನನ್ನ ಮೊದಲ ಕೋರಿಕೆ: ವಿಷಯ ಆರಿಸುವ ಮುಂಚೆ, ಸಾಹಿತ್ಯ ಸಮೀಕ್ಷೆಗೂ ಮುಂಚೆ, ಒಂದು ತಿಂಗಳು ಹೊರಗೆ ಹೋಗಿ. ಹಂಗಾಮಿನಲ್ಲಿ ಬ್ಯಾಡಗಿಗೆ ಬನ್ನಿ. ಸೋಮವಾರ, ಗುರುವಾರ ಮೆಣಸಿನಕಾಯಿ ಪೇಟೆ. ಹಿಂದಿನ ರಾತ್ರಿಯೇ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ಚೀಲ ಹೇರಿದ ಗಾಡಿಗಳು ಬಂದು ಸೇರುತ್ತವೆ. ಊರಿಗೆ ಊರೇ ಘಾಟು. ರೈತರು ತಮ್ಮ ಚೀಲಗಳ ಮೇಲೆಯೇ ಮಲಗಿರುತ್ತಾರೆ. 2024ರ ಮಾರ್ಚ್ 11ರ ಸೋಮವಾರ ಅಲ್ಲಿ ಬೆಲೆ ಕುಸಿದು, ರೈತರ ಸಿಟ್ಟು ಎಪಿಎಂಸಿ ಕಚೇರಿಯ ಮೇಲೆ ತಿರುಗಿ ವಾಹನಗಳಿಗೆ ಬೆಂಕಿ ಬಿತ್ತು. ಆ ಹಿಂಸೆಯನ್ನು ನಾನು ಒಪ್ಪುವುದಿಲ್ಲ. ಆದರೆ ನೂರಾರು ಮೈಲಿ ಬಾಡಿಗೆ ಕೊಟ್ಟು ತಂದ ಚೀಲವನ್ನು ಬೆಲೆ ಸರಿಯಿಲ್ಲ ಎಂದು ವಾಪಸ್ ಒಯ್ಯುವ ದಾರಿ ರೈತನಿಗಿಲ್ಲ. ಪೇಟೆಗೆ ಬಂದ ಮೇಲೆ ಬೆಲೆ ತಿಳಿಯುತ್ತದೆ, ತಿಳಿದಾಗ ಹೊತ್ತು ಮೀರಿರುತ್ತದೆ. ನಾಳೆ ಎಷ್ಟು ಚೀಲ ಬರಲಿವೆ ಎಂದು ಇಂದೇ ಸಂಜೆ, ಗಾಡಿ ಊರು ಬಿಡುವ ಮುಂಚೆ, ಅವನ ಮೊಬೈಲಿಗೆ ಕನ್ನಡ, ತೆಲುಗಿನಲ್ಲಿ ಹೇಳಬಲ್ಲ ಒಂದು ಮುನ್ನಂದಾಜು, ಬಂದೂ ಮಾರದೆ ಉಳಿಯುವವರಿಗೆ ಕೋಲ್ಡ್ ಸ್ಟೋರೇಜಿನಲ್ಲಿ ಎಷ್ಟು ಜಾಗವಿದೆ ಎಂಬ ಮಾಹಿತಿ ಬೇಕು. ಮುನ್ನಂದಾಜಿನ ಗಣಿತ ನಿಮ್ಮ ಕೈಯಲ್ಲಿದೆ. ಅದನ್ನು ಇಲ್ಲಿ ಹೂಡಿ.

ಘಟ್ಟ, ಕರಾವಳಿಯ ರಸ್ತೆಗಳ ಮಾತು ಬಂದರೆ ನನ್ನ ದನಿ ನಡುಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಗೆ ಬಿತ್ತು. ರಸ್ತೆ ಪಕ್ಕದ ಚಹಾದಂಗಡಿಯನ್ನೂ, ಅಲ್ಲಿ ನಿಂತಿದ್ದ ಗಾಡಿಗಳನ್ನೂ ಮಣ್ಣು ಗಂಗಾವಳಿ ಹೊಳೆಗೆ ದೂಡಿತು. ಕಟ್ಟಿಗೆ ಹೇರಿಕೊಂಡು ಹೊರಟಿದ್ದ ಕೇರಳದ ಡ್ರೈವರೊಬ್ಬರ ಲಾರಿ, ಅದರೊಳಗೆ ಅವರ ದೇಹ, ಹೊಳೆಯಿಂದ ಮೇಲೆ ಬಂದದ್ದು ಸೆಪ್ಟೆಂಬರಿನಲ್ಲಿ. ನಮ್ಮಪ್ಪ ಜೀವನವಿಡೀ ಓಡಾಡಿದ ಸೀಮೆ ಅದು. ದೂರ ಓಡಿಸಿ ಬಂದವರಿಗೆ ಕಾಲು ಚಾಚಲು, ಕಣ್ಣು ಮುಚ್ಚಲು ಒಂದು ಜಾಗ ಬೇಕೇ ಬೇಕು. ಸುರಕ್ಷಿತ ಜಾಗ ಇಲ್ಲದಲ್ಲಿ ಅವರು ನೆರಳು, ನೀರು, ಚಹಾ ಸಿಕ್ಕಲ್ಲಿ ನಿಲ್ಲುತ್ತಾರೆ. ನಿಮ್ಮ ನಕಾಶೆಯಲ್ಲಿ ಎರಡು ಊರಿನ ನಡುವಿನ ಗೆರೆ ಕಿಲೋಮೀಟರು ಮತ್ತು ನಿಮಿಷ ಮಾತ್ರ ಹೇಳುತ್ತದೆ. ಆ ಗೆರೆಯ ಮೇಲೆ ಮಳೆಗಾಲದಲ್ಲಿ ಎಲ್ಲಿ ನಿಲ್ಲಬಹುದು, ಎಲ್ಲಿ ನಿಲ್ಲಬಾರದು ಎಂಬುದನ್ನು ಹಾದಿಯ ಲೆಕ್ಕದ ಒಳಗೇ ತನ್ನಿ. ಗುಡ್ಡ ಕುಸಿಯುವ ಸಾಧ್ಯತೆಯ ನಕಾಶೆಗಳು ಭೂವಿಜ್ಞಾನದವರ ಬಳಿ ಇವೆ, ಮಳೆಯ ಮುನ್ಸೂಚನೆ ಹವಾಮಾನ ಇಲಾಖೆಯ ಬಳಿ ಇದೆ, ಗಾಡಿ ಎಲ್ಲೆಲ್ಲಿ ನಿಲ್ಲುತ್ತದೆ ಎಂಬುದು ಜಿಪಿಎಸ್‌ನಲ್ಲಿದೆ. ಮೂರನ್ನೂ ಒಂದು ಮೇಜಿನ ಮೇಲೆ ತರಬಲ್ಲವರು ನೀವು.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ತಾಸು, ವಾರಕ್ಕೆ ನಲವತ್ತೆಂಟು ತಾಸು ದುಡಿಮೆಯ ಮಿತಿ ಹಾಕಿತ್ತು. ಹಾದಿ ಹೊಂದಿಸುವ ಎಷ್ಟು ಭಾರತೀಯ ಪ್ರಬಂಧಗಳಲ್ಲಿ ಅದು ನಿಬಂಧನೆಯಾಗಿ ಬಂದಿದೆ? ನಾನು ಪರೀಕ್ಷಕನಾಗಿ ಓದಿದವುಗಳಲ್ಲಿ ನೆನಪಾಗುವುದು ಒಂದೂ ಇಲ್ಲ. ಯುರೋಪಿನ ಡ್ರೈವರುಗಳ ದುಡಿಮೆ ಅವಧಿಯ ಮೇಲೆ ಅಲ್ಲಿನವರು ಸಾಲುಸಾಲು ಪ್ರಬಂಧ ಬರೆದಿದ್ದಾರೆ. ನಮ್ಮ ಕಾನೂನು ನಮ್ಮ ಸೂತ್ರಕ್ಕೆ ಬರಲಿ. ಅದರಿಂದ ಉತ್ತರ ಎರಡು ಗಾಡಿ ಹೆಚ್ಚು ಕೇಳಿದರೆ ಕೇಳಲಿ, ಆ ಎರಡು ಗಾಡಿಯನ್ನೇ ಫಲಿತಾಂಶ ಎಂದು ಬರೆಯಿರಿ. ಹಾಗೆಯೇ, ಸರ್ವಿಸ್ ಟೈಮ್ ಎಂದು ಬರೆದಲ್ಲೆಲ್ಲ ಗಡಿಯಾರ ಎಲ್ಲಿಂದ ಶುರುವಾಯಿತು ಎಂಬ ಒಂದು ಸಾಲು ಸೇರಿಸಿ: ಸಾಲಿನ ಕೊನೆಗೆ ಬಂದು ನಿಂತಾಗಲೋ, ಗೇಟು ತೆರೆದಾಗಲೋ. ಒಂದು ಸಾಲು, ಅಷ್ಟೇ.

ಪೀಠಿಕೆಯ ಅಂಕಿಗಳ ಬಗ್ಗೆಯೂ ಒಂದು ಮಾತು. ಭಾರತದ ಲಾಜಿಸ್ಟಿಕ್ಸ್ ವೆಚ್ಚ ಜಿಡಿಪಿಯ ಶೇ. 13-14 ಎಂಬ ವಾಕ್ಯ ಇಲ್ಲದ ಪ್ರಬಂಧ ನನಗೆ ಸಿಕ್ಕಿದ್ದು ಅಪರೂಪ. ಒಬ್ಬರಿಂದ ಒಬ್ಬರು ಎತ್ತಿಕೊಂಡದ್ದು. ಎನ್‌ಸಿಎಇಆರ್ ಸಂಸ್ಥೆ ಲೆಕ್ಕ ಹಾಕಿ 2023ರಲ್ಲಿ ಕೊಟ್ಟ ವರದಿಯಲ್ಲಿ 2021-22ರ ಅಂದಾಜು ಶೇ. 7.8ರಿಂದ 8.9. ಎರಡರ ನಡುವಿನ ಅಂತರ ದೇಶದ ಎಷ್ಟೋ ದೊಡ್ಡ ಯೋಜನೆಗಳಿಗಿಂತ ದೊಡ್ಡ ಮೊತ್ತ. ಅಂಕಿ ಬರೆಯುವ ಮುಂಚೆ ಅದನ್ನು ಯಾರು, ಹೇಗೆ ಎಣಿಸಿದರು ಎಂದು ನೋಡಿ. ಪೀಠಿಕೆಯಲ್ಲಿ ಸಡಿಲ ಬಿಟ್ಟವರ ಕೈ ಮುಂದೆ ದತ್ತಾಂಶದ ಅಧ್ಯಾಯದಲ್ಲೂ ಸಡಿಲವಾಗುತ್ತದೆ. ನನ್ನ ಗೇಟಿನ ರಿಜಿಸ್ಟರ್ ಅದಕ್ಕೆ ಸಾಕ್ಷಿ.

ಇದನ್ನೆಲ್ಲ ಮಾಡಿದರೆ ಒಳ್ಳೆಯ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆಯೇ, ಮೂರು ವರ್ಷದಲ್ಲಿ ಮುಗಿಯುತ್ತದೆಯೇ ಎಂಬ ನಿಮ್ಮ ಆತಂಕ ನನಗೆ ಗೊತ್ತು. ಫೆಲೋಶಿಪ್ ತಡವಾಗುವುದು, ಗೈಡ್ ಒಪ್ಪದಿರುವುದು, ಮನೆಯವರು ಎಂದು ಮುಗಿಯುತ್ತದೆ ಎಂದು ಕೇಳುವುದು, ಇವೆಲ್ಲ ಸಣ್ಣ ಕಷ್ಟಗಳಲ್ಲ. ಹೀಗಾಗಿ ಈ ಪತ್ರದ ಒಂದು ಪ್ರತಿ ನಿಮ್ಮ ಮಾರ್ಗದರ್ಶಕರಿಗೂ ಸೇರಲಿ. ಮಾನ್ಯರೇ, ವಿದ್ಯಾರ್ಥಿ ಪೇಟೆಯಲ್ಲಿ ಕಳೆದ ತಿಂಗಳನ್ನು ವ್ಯರ್ಥ ಎಂದು ದಯವಿಟ್ಟು ಎಣಿಸಬೇಡಿ. ನಿಮ್ಮ ಹೆಸರಿನ ಹಾಗೆ, ದತ್ತಾಂಶ ಕೊಟ್ಟ ಡ್ರೈವರುಗಳ, ಹಮಾಲರ ಸಹಾಯವನ್ನೂ ಪ್ರಬಂಧದಲ್ಲಿ ನೆನೆಯಿರಿ. ಮತ್ತು ಕೆಲಸ ಮುಗಿದ ಮೇಲೆ ಅವರಿಗೆ ಒಂದು ಪುಟದ ಕನ್ನಡ ಬರಹ ಮರಳಿ ತಲುಪಲಿ: ನೀವು ಹೇಳಿದ್ದು ಇದು, ನಾವು ಕಂಡದ್ದು ಇದು, ಬದಲಾದದ್ದು ಅಥವಾ ಬದಲಾಗದ್ದು ಇದು. ನಾನು ಆ ಪುಟ ಬರೆದು ಆ ಚಹಾದಂಗಡಿಯ ಗೋಡೆಗೆ ಅಂಟಿಸಲು ತಡಮಾಡಿದೆ. ವಿಭಾಗಕ್ಕೆ ಬಂದು ನಿಂತೇ ಮಾತಾಡಿ ಹೋದ ಆ ಹಿರಿಯರು ಅದನ್ನು ಓದಲು ಆಗ ಇರಲಿಲ್ಲ.

ಆ ನಲವತ್ತೊಂದು ಗಾಡಿಗಳ ಹಾಳೆಗಳು ಇನ್ನೂ ನನ್ನ ಕಪಾಟಿನಲ್ಲಿವೆ. ಬಂದು ನಿಂತ ವೇಳೆ, ನಂಬರ್ ಸಿಕ್ಕ ವೇಳೆ, ಕೋಲು ಎದ್ದ ವೇಳೆ, ಖಾಲಿಯಾದ ವೇಳೆ ಎಂದು ನಾಲ್ಕು ಕಾಲಂ. ಗಾಡಿ ನಂಬರುಗಳನ್ನು ಮರೆಮಾಡಿದ ಪ್ರತಿ ಮಾಡಿಟ್ಟಿದ್ದೇನೆ. ಕೆಲವು ಕಡೆ ಚಹಾ ಚೆಲ್ಲಿ ಅಂಕಿ ಮಸುಕಾಗಿದೆ. ಅಂಥಲ್ಲಿ ಊಹಿಸಿ ಬರೆದಿಲ್ಲ, ಖಾಲಿ ಬಿಟ್ಟಿದ್ದೇನೆ. ನಿಮ್ಮಲ್ಲಿ ಯಾರಿಗೆ ಬೇಕಾದರೂ ಕೊಡುತ್ತೇನೆ. ಬದಲಿಗೆ ನೀವು ಕೂತ ಗೇಟಿನ ನಾಲ್ಕು ಕಾಲಂಗಳ ಒಂದು ಪ್ರತಿ ನನಗೆ ಕಳಿಸಿಕೊಡಿ. ಮುಂದಿನ ಮೆಣಸಿನಕಾಯಿ ಹಂಗಾಮಿನ ಒಂದು ಭಾನುವಾರ ರಾತ್ರಿ ಬ್ಯಾಡಗಿಗೆ ಹೋಗುವವನಿದ್ದೇನೆ. ಜೊತೆಗೆ ಬರುವವರು ಒಂದು ಹೊದಿಕೆ, ಒಂದು ಟಾರ್ಚು, ಗೆರೆ ಹಾಕಿದ ನೋಟುಪುಸ್ತಕ ತನ್ನಿ.

ಇಂತಿ ನಿಮ್ಮ ವಿಶ್ವಾಸಿ,

ನಿವೃತ್ತ ಪ್ರಾಧ್ಯಾಪಕ,
ಇಂಡಸ್ಟ್ರಿಯಲ್ ಅಂಡ್ ಪ್ರೊಡಕ್ಷನ್ ಇಂಜಿನಿಯರಿಂಗ್,
ಹುಬ್ಬಳ್ಳಿ